ಥಾಣೆಯ ಆಚೆಯ ಪುಟಗಳು

ಕಳೆದ ಜನವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಡೊಂಬಿವಲಿ ಪೂರ್ವದ ಒಂದು ಸಭಾಗೃಹದಲ್ಲಿ ಹನ್ನೆರಡು ತಾಸುಗಳ ಓದು ಮ್ಯಾರಥಾನ್ ಆರಂಭವಾಯಿತು. ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಮೊದಲ ಸ್ಪರ್ಧಿ ನಿದ್ದೆಹೋದರು. ಮೂವತ್ತು ವರ್ಷ ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಕುಳಿತು ಎದ್ದವನಾದ್ದರಿಂದ ಹೆಸರಿಲ್ಲದ ಸುದ್ದಿ ಬರೆಯಲು ನನಗೆ ಮುಜುಗರ: ಆ ಸ್ಪರ್ಧಿ ನಾನೇ. ಮುಂದೆ ಬರುವ ಇಬ್ಬರು ಹೆಂಗಸರ ಹೆಸರನ್ನು ಮಾತ್ರ ಬದಲಿಸಿದ್ದೇನೆ, ಒಂದು ಕಾದಂಬರಿಯ ಹೆಸರನ್ನು ಹೇಳುವುದೇ ಇಲ್ಲ. ಕಾರಣ ನಿಮಗೆ ಓದುತ್ತ ಹೋದಂತೆ ತಿಳಿದೀತು.

ನನ್ನನ್ನು ಎಬ್ಬಿಸಿದವರು ಮ್ಯಾರಥಾನ್ ಏರ್ಪಡಿಸಿದ್ದ ನಮ್ಮ ಕನ್ನಡ ವಾಚನಾಲಯದ ಅಧ್ಯಕ್ಷರು. ಉಡುಪಿ ಕಡೆಯವರು, ಐರೋಲಿಯಲ್ಲಿ ಬಹುಕಾಲ ಹೋಟೆಲು ನಡೆಸಿದವರು. ಗಿರಾಕಿಯನ್ನು ನೋಯಿಸದೆ ಮೇಜು ಖಾಲಿ ಮಾಡಿಸುವ ವಿದ್ಯೆ ಅವರಿಗೆ ಕರಗತ.

“ಮಾರಾಯ್ರೇ, ಇದು ಓದುವ ಮ್ಯಾರಥಾನ್. ಮಲಗುವುದು ಬೇಕಾದ್ರೆ ಬೇರೆ ಆದಿತ್ಯವಾರ ಇಡುವ,” ಎಂದು ಕಿವಿಯ ಬಳಿ ಹೇಳಿದರು. “ನೀವು ಒಳಗೆ ಕೂತು ವಹಿಗಳನ್ನು ನೋಡಿ. ಅದರಲ್ಲಿ ತಪ್ಪು ಹುಡುಕ್ಲಿಕ್ಕೆ ಉಂಟಲ್ಲ, ನಿಮಗೆ ನಿದ್ದೆ ಬರುವುದಿಲ್ಲ.”

ವಹಿಗಳೆಂದರೆ ವರ್ಷವಿಡೀ ನಡೆದ ಇನ್ನೊಂದು ಪಂಥದ ದಾಖಲೆ. ಹನ್ನೆರಡು ತಿಂಗಳಲ್ಲಿ ಇಪ್ಪತ್ತನಾಲ್ಕು ಕನ್ನಡ ಪುಸ್ತಕ ಓದಬೇಕು. ಪ್ರತಿ ಪುಸ್ತಕದ ಹೆಸರು, ಹಿಡಿದ ದಿನ, ಮುಗಿಸಿದ ದಿನ, ಎರಡು ಸಾಲಿನ ಅಭಿಪ್ರಾಯ ಇವಿಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆದು ಒಪ್ಪಿಸಬೇಕು. ನಾನೂ ಸೇರಿದ್ದೆ. ಇಪ್ಪತ್ತನಾಲ್ಕು ಎನ್ನುವುದು ಜನಸಾಮಾನ್ಯರ ಅಳತೆ ಎಂದು ಸ್ವಂತಕ್ಕೆ ಐವತ್ತರ ಗುರಿ ಇಟ್ಟುಕೊಂಡು, ಅದನ್ನು ನಾಲ್ಕು ಜನರ ಎದುರು ಘೋಷಿಸಿ, ಡಿಸೆಂಬರಿನ ಕೊನೆಗೆ ಹನ್ನೊಂದಕ್ಕೆ ಬಂದು ನಿಂತೆ. ಆ ಹನ್ನೊಂದರಲ್ಲಿ ಎರಡು ಚುಟುಕ ಸಂಕಲನಗಳು. ಅವುಗಳನ್ನು ಓದಿ ಮುಗಿಸಲು ಹಿಡಿದ ಹೊತ್ತಿಗಿಂತ ಅಭಿಪ್ರಾಯ ಬರೆಯಲು ಹಿಡಿದ ಹೊತ್ತೇ ಹೆಚ್ಚು. ನನ್ನಂಥವರು ಅಪರೂಪವೇನಲ್ಲ. ನವೆಂಬರ್ ಬಂತೆಂದರೆ ನಮ್ಮ ಕಪಾಟುಗಳಲ್ಲಿ ತೆಳ್ಳನೆಯ ಪುಸ್ತಕಗಳು ಮಾಯವಾಗಿ ದಪ್ಪನೆಯವು ಮಾತ್ರ, ಮದುವೆ ಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾದು ಕೂತ ಹಿರಿಯರಂತೆ, ಒಂದಕ್ಕೊಂದು ಒರಗಿಕೊಂಡು ಉಳಿಯುತ್ತವೆ.

ಆದರೆ ವಹಿಗಳನ್ನು ತಿರುವುತ್ತ ಹೋದಂತೆ ನನ್ನ ಸಂಶಯಬುದ್ಧಿ ಸ್ವಲ್ಪ ಸ್ವಲ್ಪವೇ ತಲೆತಗ್ಗಿಸಿತು. ಹೋಟೆಲಿನಿಂದ ನಿವೃತ್ತರಾದ ಹಿರಿಯರೊಬ್ಬರು ಆಯ್ಕೆಯ ಗೊಡವೆಯೇ ಬೇಡವೆಂದು ಮೊದಲ ಕಪಾಟಿನ ಎಡತುದಿಯಿಂದ ಸಾಲಾಗಿ ಓದುತ್ತ ಬಂದಿದ್ದರು. ದಾರಿಯಲ್ಲಿ ಸಿಕ್ಕ ಕೋಳಿ ಸಾಕಣೆಯ ಕೈಪಿಡಿಯನ್ನೂ ಬಿಟ್ಟಿರಲಿಲ್ಲ, ಅದಕ್ಕೆ “ಉಪಯುಕ್ತ, ಆದರೆ ನಮ್ಮ ಫ್ಲ್ಯಾಟಿನಲ್ಲಿ ಕಷ್ಟ” ಎಂಬ ಅಭಿಪ್ರಾಯವನ್ನೂ ಬರೆದಿದ್ದರು. ರಬಾಳೆಯ ಕಾರ್ಖಾನೆಯೊಂದರ ಗೇಟು ಕಾಯುವ ಕಲಬುರಗಿಯ ತರುಣ ಹತ್ತೊಂಬತ್ತಕ್ಕೆ ನಿಂತು, “ಇನ್ನ ಐದ ಉಳದಾವ, ಸುಳ್ಳ ಬರಿಯಂಗಿಲ್ಲ” ಎಂದು ಸಹಿ ಹಾಕಿದ್ದ. ಸುದ್ದಿಮನೆಯಲ್ಲಿ ಇಂಥ ವಾಕ್ಯ ನನ್ನ ಮೇಜಿಗೆ ಎಂದೂ ಬಂದದ್ದಿಲ್ಲ.

ಕೊನೆಗೆ ಉಳಿದ ವಹಿಯ ರಟ್ಟಿನ ಮೇಲೆ ಎರಡು ಹೆಸರುಗಳಿದ್ದವು: ಸುಮತಿ, ರೇಣುಕಾ. ಒಳಗೆ ಇಪ್ಪತ್ತನಾಲ್ಕು ಪುಸ್ತಕ, ಎರಡು ಬಗೆಯ ಅಕ್ಷರ. ಪ್ರತಿ ಪುಸ್ತಕದ ಕೆಳಗೆ ದಿನದಿನದ ಲೆಕ್ಕ: “ಪುಟ ನಲವತ್ತೊಂದು, ಥಾಣೆ. ಪುಟ ಅರವತ್ತು, ದಾದರ್. ಪುಟ ಎಂಬತ್ತು, ಥಾಣೆ.” ಕಾದಂಬರಿಗೂ ಕವನಕ್ಕೂ ಪ್ರಬಂಧಕ್ಕೂ ಒಂದೇ ಥಾಣೆ, ಒಂದೇ ದಾದರ್. ಹೊರಗೆ ಸಭಾಗೃಹದಲ್ಲಿ ಓದುತ್ತ ಕೂತಿದ್ದ ಇಬ್ಬರನ್ನೂ ಕರೆಸಿ ವಿಚಾರಿಸಿದೆ.

ರೇಣುಕಾ ವಿಜಯಪುರ ಜಿಲ್ಲೆಯವರು, ಕಲ್ಯಾಣದಲ್ಲಿ ಮನೆ, ದಾದರ್ ಬಳಿಯ ಆಸ್ಪತ್ರೆಯೊಂದರಲ್ಲಿ ಆಯಾ. ಏಳನೆಯ ತರಗತಿಗೆ ಶಾಲೆ ಬಿಟ್ಟವರು. ಸುಮತಿ ಮಂಗಳೂರು ಕಡೆಯವರು, ಡೊಂಬಿವಲಿಯಲ್ಲೇ ಮನೆ, ದಾದರ್‌ನಲ್ಲೇ ಕಚೇರಿ ಕೆಲಸ. ಬೆಳಗಿನ ಫಾಸ್ಟ್ ಲೋಕಲ್ ರೈಲು ಕಲ್ಯಾಣದಿಂದ ಹೊರಡುವುದರಿಂದ ರೇಣುಕಾಗೆ ಸೀಟು ಸಿಗುತ್ತದೆ. ಡೊಂಬಿವಲಿಯಲ್ಲಿ ಹತ್ತುವ ಸುಮತಿಗೆ ನಿಲ್ಲಲು ಜಾಗ ಸಿಕ್ಕಿದರೆ ಪುಣ್ಯ. ಈ ಊರುಗಳ ಹಳೆಯ ಸಂಪ್ರದಾಯದಂತೆ, ಅರ್ಧ ದಾರಿ ಕೂತವರು ಥಾಣೆಯಲ್ಲಿ ಎದ್ದು ನಿಂತವರಿಗೆ ಸೀಟು ಕೊಡುತ್ತಾರೆ. ಯಾವ ನಿಯಮಪುಸ್ತಕದಲ್ಲೂ ಇಲ್ಲದ ಈ ನಿಯಮ ರೈಲ್ವೆಯ ಎಷ್ಟೋ ನಿಯಮಗಳಿಗಿಂತ ಚೆನ್ನಾಗಿ ನಡೆಯುತ್ತದೆ. ಮಹಿಳಾ ಡಬ್ಬಿಯೊಳಗೆ ನನಗೆ ಪ್ರವೇಶವಿಲ್ಲ, ಹೀಗಾಗಿ ಇದು ನಾನು ಕಂಡದ್ದಲ್ಲ. ಪುರುಷರ ಡಬ್ಬಿಯಲ್ಲಿ ಥಾಣೆ ಬಂದಾಗ ಗಾಢನಿದ್ದೆ ನಟಿಸಿದ ಅನುಭವ ಮಾತ್ರ ನನ್ನ ಸ್ವಂತದ್ದು.

ವಾಚನಾಲಯದ ಕಾರ್ಡು ಒಂದು, ಅದು ಸುಮತಿಯದ್ದು. ಕಾರ್ಡಿಗೆ ಒಂದೇ ಪುಸ್ತಕ. ನಿಂತು ಓದಲು ಆ ಗದ್ದಲದಲ್ಲಿ ಕೈ ಬಿಡುವಿರುವುದಿಲ್ಲ. ಹೀಗಾಗಿ ಪುಸ್ತಕ ಸೀಟಿನ ಜೊತೆಗೇ ಇತ್ತು. ಥಾಣೆಯವರೆಗೆ ರೇಣುಕಾ ಓದುವುದು. ಥಾಣೆಯಲ್ಲಿ ಸೀಟನ್ನೂ ಪುಸ್ತಕವನ್ನೂ ಕೊಟ್ಟು, ಅಲ್ಲಿಯವರೆಗೆ ಏನಾಯಿತೆಂದು ನಾಲ್ಕು ಮಾತು ಹೇಳುವುದು. ಅಲ್ಲಿಂದ ಮುಂದೆ ಸುಮತಿ ಓದುವುದು. ದಾದರ್‌ನಲ್ಲಿ ಇಳಿದು ನಿಲ್ದಾಣದ ಸೇತುವೆ ದಾಟುವಾಗ ಮುಂದಿನದನ್ನು ಸುಮತಿ ಹೇಳುವುದು. ಸಂಜೆ ಪುಸ್ತಕ ರೇಣುಕಾರ ಚೀಲದಲ್ಲಿ ಮನೆಗೆ ಹೋಗುತ್ತಿತ್ತು, ಆದರೆ ಅಲ್ಲಿ ತೆರೆಯುತ್ತಿರಲಿಲ್ಲ.

“ಮನೆಯಲ್ಲಿ ಯಾಕೆ ಓದಲಿಲ್ಲ?” ಎಂದೆ.

“ಅದು ಮೋಸ ಆಕ್ಕೈತಲ್ರಿ ಸರ್. ಅಕ್ಕಾರ ಪಾಲಿನ್ದು ನಾ ಹೆಂಗ ಓದ್ಲಿ?” ಎಂದರು ರೇಣುಕಾ.

ನನ್ನ ಸುದ್ದಿಮೇಜಿನ ಬುದ್ಧಿ ಕೂಡಲೇ ಭಾಗಾಕಾರ ಮಾಡಿತು. ಇಪ್ಪತ್ತನಾಲ್ಕು ಅರ್ಧಗಳೆಂದರೆ ತಲಾ ಹನ್ನೆರಡು ಪುಸ್ತಕ. ಗುರಿ ಮುಟ್ಟಿಲ್ಲ. ಹಾಗೆಂದು ಹೇಳಿದಾಗ ಸುಮತಿ ಕುರ್ಚಿಯಲ್ಲಿ ಮುಂದಕ್ಕೆ ಸರಿದರು.

“ನನ್ನ ಹೆಸರು ಬೇಕಾದ್ರೆ ಹೊಡೆದು ಹಾಕಿ ಸರ್. ಅವಳದ್ದು ಬಿಡಬೇಡಿ. ನಮ್ಮ ಆಫೀಸು ಬರುವ ತಿಂಗಳು ಐರೋಲಿಗೆ ಹೋಗ್ತದೆ, ನನ್ನ ಡ್ಯೂಟಿ ಮಧ್ಯಾಹ್ನಕ್ಕೆ. ಮತ್ತೆ ಇವಳಿಗೆ ಪುಸ್ತಕ ಯಾರು ಕೊಡುವುದು?”

ವಿಷಯ ಇದ್ದದ್ದು ಅಲ್ಲಿ. ಡೊಂಬಿವಲಿಯಲ್ಲಿ ವಾಸವಿಲ್ಲದವರಿಗೆ ನಮ್ಮಲ್ಲಿ ಕಾರ್ಡು ಕೊಡುವ ಪದ್ಧತಿಯಿಲ್ಲ. ಆದರೆ ಪಂಥ ಪೂರೈಸಿದವರು ಎಲ್ಲಿಯವರೇ ಆಗಲಿ, ಅವರಿಗೆ ಸ್ವಂತ ಕಾರ್ಡು ಎಂದು ಸಮಿತಿ ಆ ವರ್ಷ ಪ್ರಕಟಿಸಿತ್ತು. ರೇಣುಕಾ ಓದಿದ್ದು ಆ ಒಂದು ಕಾರ್ಡಿಗಾಗಿ. ಇಪ್ಪತ್ತಮೂರಾದರೆ ಅದು ಸಿಗುವುದಿಲ್ಲ. ಹನ್ನೆರಡಾದರಂತೂ ಮಾತೇ ಇಲ್ಲ.

ಅಧ್ಯಕ್ಷರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. “ಒಂದು ಚಾ ಎರಡು ಗ್ಲಾಸಿಗೆ ಹಂಚಿದ್ರೆ ಇಬ್ಬರೂ ಚಾ ಕುಡಿದ ಹಾಗೆಯೇ ಅಲ್ವಾ?” ಎಂದರು. ಹೋಟೆಲಿನವರ ತರ್ಕ. ನಾನು ಮಧ್ಯಮಮಾರ್ಗವೊಂದನ್ನು ಸೂಚಿಸಿದೆ: ಮೂರು ಪುಸ್ತಕ ನಾನು ಆರಿಸುತ್ತೇನೆ, ರೇಣುಕಾ ತಾವು ಓದದ ಪುಟಗಳಲ್ಲಿ ಏನಿದೆಯೆಂದು ಹೇಳಬೇಕು, ಸರಿಯಾದರೆ ಕೇಳಿದ್ದನ್ನೂ ಓದಿದ್ದೆಂದೇ ಬರೆಯುತ್ತೇನೆ, ಒಂದು ತಪ್ಪಿದರೂ ಇಲ್ಲ.

ಮೊದಲೆರಡು ಪುಸ್ತಕಗಳನ್ನು ಅವರು ಹೇಳಿದ ರೀತಿ ಇನ್ನೂ ನನ್ನ ಕಿವಿಯಲ್ಲಿದೆ. ತಾವೇ ಓದಿದ ಪುಟಗಳನ್ನು ಜನ ಮರೆಯುತ್ತಾರೆ. ಸೇತುವೆಯ ಮೇಲೆ ಭುಜಕ್ಕೆ ಭುಜ ತಾಗಿಸಿಕೊಂಡು, ಮುಂದಿನ ಮೆಟ್ಟಿಲು ತಪ್ಪದಂತೆ ನೋಡಿಕೊಂಡು ಕೇಳಿದ್ದನ್ನು ಅವರು ಒಂದು ಎಳೆಯೂ ಮರೆತಿರಲಿಲ್ಲ. ಪಾತ್ರವೊಂದು ಉಟ್ಟ ಸೀರೆಯ ಬಣ್ಣ ಸಹಿತ ಹೇಳಿದರು.

ಮೂರನೆಯದಕ್ಕೆ ನಾನು ಒಂದು ಕಾದಂಬರಿಯನ್ನು ಬೇಕೆಂದೇ ಆರಿಸಿದೆ. ಗಡಿಯಾರ ದುರಸ್ತಿ ಮಾಡುವವನೊಬ್ಬ ಕಾಯಿಲೆ ಬೀಳುತ್ತಾನೆ, ಹೆಂಡತಿ ಅಂಗಡಿ ನಡೆಸುತ್ತಾಳೆ. ನನ್ನ ಹನ್ನೊಂದರಲ್ಲಿ ಅದೂ ಒಂದು. ಕೊನೆಯ ಅಧ್ಯಾಯದಲ್ಲಿ ಅವನು ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾನೆ, ಹೆಂಡತಿ ಅಂಗಡಿಯ ಬಾಗಿಲು ಎಳೆಯುತ್ತಾಳೆ. ಆದರೆ ವಹಿಯಲ್ಲಿ ರೇಣುಕಾ ಕೈಯಾರೆ ಬರೆದ ಅಭಿಪ್ರಾಯ ಹೀಗಿತ್ತು: “ಕೊನೆ ಭಾಳ ಚಂದ ಐತಿ. ಎಲ್ಲಾರೂ ಓದಬೇಕು.” ಕೊನೆಯ ಅಧ್ಯಾಯ ಥಾಣೆಯ ಆಚೆಯದ್ದು, ಸುಮತಿ ಓದಿದ್ದು.

“ಕೊನೆಗೆ ಏನಾಗುತ್ತದೆ?” ಎಂದೆ.

ರೇಣುಕಾರ ಮುಖ ಅರಳಿತು. “ಆಂವ ಮನೀಗೆ ಬರ್ತಾನ್ರಿ. ಕೋಲ ಹಿಡ್ಕೊಂಡು ಬಂದು ಅಂಗಡಿ ಕಟ್ಟಿ ಮ್ಯಾಲ ಕೂಡ್ತಾನ. ಕುಂತಂವ ಸುಮ್ನ ಕೂಡಬೇಕಿಲ್ಲೋ, ‘ಎಲ್ಲಾ ಗಡಿಯಾರ ತಪ್ಪ ತೋರ್ಸಾಕತ್ತಾವ’ ಅಂತಾನ. ಆಕಿ ಬಿಡ್ತಾಳ? ‘ನೀ ಇಲ್ದಾಗ ಹೆಂಗ ನಡದಾವು ಹಂಗ ನಡೀಲಿ, ನೀ ಮೊದಲ ಗಂಜಿ ಕುಡಿ’ ಅಂತ ಬೈತಾಳ. ಅವ ಕುಡೀತಾನ. ಅಷ್ಟ.”

ಹೇಳಿ ಮುಗಿಸಿ, “ನಂದು ಇನ್ನ ಮೂವತ್ತ ಪುಟ ಉಳದಾವ್ರಿ, ಸಂಜೀತನಾ ಮುಗಿಸಬೇಕು,” ಎಂದು ತಮ್ಮ ಮ್ಯಾರಥಾನಿಗೆ ಎದ್ದು ಹೋದರು. ಸುಮತಿ ಕೂತೇ ಇದ್ದರು. ಚೀಲದ ಹಿಡಿಯನ್ನು ಮಡಚಿ ಬಿಡಿಸಿ ಮಾಡುತ್ತಿದ್ದರು.

“ತಪ್ಪು ಅವಳದ್ದಲ್ಲ ಸರ್, ನನ್ನದು,” ಎಂದರು. “ಅವಳ ಗಂಡ ಕಳಂಬೋಲಿಯಲ್ಲಿ ಕಬ್ಬಿಣ ಲೋಡ್ ಮಾಡುವವ. ಲಾರಿಯಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ನಾವು ಈ ಪುಸ್ತಕ ಮುಗಿಸಿದ ವಾರ ಐಸಿಯುನಲ್ಲಿ ಇದ್ದದ್ದು, ಇವಳ ಆಸ್ಪತ್ರೆಯಲ್ಲೇ. ಆ ದಿನ ನಾನು ಥಾಣೆಯಿಂದ ಕೂತು ಕೊನೆ ಓದಿದೆ. ಬ್ರಿಜ್ಜಿನ ಮೇಲೆ ಇವಳು ‘ಅಕ್ಕಾ, ಬದುಕಿದ್ನಾ’ ಅಂತ ಕೇಳಿದ್ಳು. ನಾನು ಎಂತ ಹೇಳುವುದು, ನೀವೇ ಹೇಳಿ. ಬದುಕಿದ ಅಂದೆ. ‘ಆಮ್ಯಾಲೆ’ ಅಂದ್ಳು. ಅವಳು ಕೇಳ್ತಾ ಹೋದ್ಳು, ನಾನು ಕಟ್ತಾ ಹೋದೆ. ಬ್ರಿಜ್ಜು ಅಷ್ಟು ಉದ್ದ ಉಂಟು ಅಂತ ನನಗೆ ಆವತ್ತೇ ಗೊತ್ತಾದದ್ದು.”

“ಅವರ ಗಂಡ?”

“ಹುಷಾರಾದ ದೇವರ ದಯೆಯಿಂದ. ಈಗ ಭಾರ ಎತ್ತುವುದಿಲ್ಲ, ಗೋದಾಮಿನ ಗೇಟಲ್ಲಿ ಕೂರ್ತಾನೆ. ನಾನು ಮತ್ತೆ ನಿಜ ಹೇಳುವ ಅಂತ ಎಷ್ಟು ಸಲ ಎಣಿಸಿದೆ. ಆಗ್ಲಿಲ್ಲ.”

ಉತ್ತರ ತಪ್ಪು. ಮೂರರಲ್ಲಿ ಒಂದು ತಪ್ಪು. ನಿಯಮ ನಾನೇ ಮಾಡಿದ್ದು. ಮೂವತ್ತು ವರ್ಷ ಸತ್ತವರನ್ನು ಸತ್ತರೆಂದೂ ಬದುಕಿದವರನ್ನು ಬದುಕಿದರೆಂದೂ ಬರೆದು, ಒಮ್ಮೆ ತಪ್ಪಾಗಿ ಅದಲುಬದಲಾದಾಗ ಮರುದಿನ ಚೌಕಟ್ಟು ಹಾಕಿ ತಿದ್ದುಪಡಿ ಅಚ್ಚು ಮಾಡಿದವನು ನಾನು. ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ, ಹೊರಗೆ ನೂರು ಜನ ಏಕಕಾಲಕ್ಕೆ ಪುಟ ತಿರುಗಿಸುವ ಸದ್ದು, ಗಾಳಿ ಬೀಸಿದಂತೆ, ಬಂದು ಹೋಗುತ್ತಿತ್ತು. ನಾನೂ ಓದಿದ್ದೇನೆಂದುಕೊಂಡಿರುವ ಪುಸ್ತಕಗಳನ್ನು ಮನಸ್ಸಿನಲ್ಲೇ ಒಮ್ಮೆ ಎಣಿಸಿದೆ. ಅರ್ಧಕ್ಕರ್ಧ ಯಾರೋ ಹೇಳಿದ್ದು: ಮೇಷ್ಟ್ರು ತರಗತಿಯಲ್ಲಿ ಹೇಳಿದ್ದು, ಸಹೋದ್ಯೋಗಿ ಕ್ಯಾಂಟೀನಿನಲ್ಲಿ ಹೇಳಿದ್ದು. ಅವರು ಎಲ್ಲೆಲ್ಲಿ ಯಾರನ್ನು ಬದುಕಿಸಿದ್ದಾರೋ ನಾನು ಬಲ್ಲೆನೆ? ಅವರಲ್ಲಿ ಒಬ್ಬರಾದರೂ ಸುಮತಿಯಷ್ಟು ಅಚ್ಚುಕಟ್ಟಾಗಿ, ಜನಸಂದಣಿಯಲ್ಲಿ ನಡೆಯುತ್ತ ನಡೆಯುತ್ತ, ಒಂದಿಡೀ ಅಧ್ಯಾಯ ರಚಿಸಿರಲಾರರು. ಗಂಜಿಯ ಆ ಮಾತು ಮೂಲಲೇಖಕರಿಗೂ ಹೊಳೆದಿರಲಿಲ್ಲ.

ಸುದ್ದಿಮೇಜಿನಲ್ಲಿ ಇಂಥ ಇಕ್ಕಟ್ಟಿಗೆ ಒಂದು ಹಳೆಯ ಉಪಾಯವಿದೆ. ವರದಿಗಾರ ಕಣ್ಣಾರೆ ಕಾಣದ್ದನ್ನು ಬಿಟ್ಟುಬಿಡಬೇಕಿಲ್ಲ, ತಾನು ಕಂಡಂತೆ ಬರೆಯಲೂ ಕೂಡದು. ಹೇಳಿದವರ ಹೆಸರು ಹಾಕಿದರೆ ಸಾಕು. ಆ ಕಾದಂಬರಿಯ ಸಾಲಿನ ಎದುರು ಷರಾ ಕಾಲಂನಲ್ಲಿ ಬರೆದೆ: “ಕೊನೆಯ ಅಧ್ಯಾಯ, ಸುಮತಿಯವರು ತಿಳಿಸಿದಂತೆ.” ಕೆಳಗೆ ಒಟ್ಟು ಇಪ್ಪತ್ತನಾಲ್ಕು ಎಂದು ಹಾಕಿ ಸಹಿ ಮಾಡಿದೆ. ಅಧ್ಯಕ್ಷರು ಕನ್ನಡಕ ಏರಿಸಿ ಓದಿ, “ಇದೆಂಥದು, ಕೋರ್ಟಿನ ಭಾಷೆ?” ಎಂದರು, ಆದರೂ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

ಸಂಜೆ ಏಳಕ್ಕೆ ಮ್ಯಾರಥಾನ್ ಮುಗಿಯಿತು. ರೇಣುಕಾ ತಮ್ಮ ಮೂವತ್ತು ಪುಟಗಳನ್ನು ಆರೂವರೆಗೇ ಮುಗಿಸಿ, ಉಳಿದ ಅರ್ಧ ತಾಸು ಸುಮ್ಮನೆ ಕೂರಲು ಮನಸ್ಸಾಗದೆ ಇನ್ನೊಂದು ಪುಸ್ತಕದ ಮುನ್ನುಡಿ ಓದಿದರು. ಸುಮತಿಯ ಕಚೇರಿ ಫೆಬ್ರುವರಿಯಲ್ಲಿ ಐರೋಲಿಗೆ ಹೋಯಿತು.

ಅದೇ ತಿಂಗಳ ಮೊದಲ ಶನಿವಾರ ರೇಣುಕಾ ಬಂದು ಕಾರ್ಡು ಪಡೆದರು. ಶನಿವಾರಗಳಂದು ಪುಸ್ತಕ ಕೊಡುವ ಮೇಜಿನಲ್ಲಿ ನಾನೇ ಕೂರುವುದು. ಕಪಾಟುಗಳ ನಡುವೆ ಬಹಳ ಹೊತ್ತು ಓಡಾಡಿ, ಗಡಿಯಾರದವನ ಕಾದಂಬರಿಯನ್ನು ತಂದು ನನ್ನ ಮುಂದಿಟ್ಟರು.

“ಇದು ಆಗಲೇ ಆಗಿದೆಯಲ್ಲ,” ಎಂದೆ.

“ಆಗೇತ್ರಿ. ಆದ್ರ ಕೊನೀದು ಅಕ್ಕಾರು ಹೇಳಿದ್ದು. ಅದನ್ನ ನನ್ನ ಕಣ್ಲೆ ಒಮ್ಮೆ ಓದಬೇಕಂತ ಆಸೆ. ಗಂಜಿ ಕುಡಿಯೂದು.”

ಕೇಳಿದ ಪುಸ್ತಕವನ್ನು ಕೊಡುವುದು ವಾಚನಾಲಯದ ನಿಯಮ. ಬರೆದುಕೊಟ್ಟೆ. ಸಂಜೆ ಸುಮತಿಗೆ ಫೋನು ಮಾಡಿ ತಿಳಿಸಿದೆ. “ಅದು ಹೊರಗೆ ಹೋಗಿದೆ ಅಂತ ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?” ಎಂದರು. ಮತ್ತೆ ತಾವೇ, “ಬೇಡ. ಓದ್ಲಿ,” ಎಂದರು.

ರೇಣುಕಾ ಈಗಲೂ ಥಾಣೆಯವರೆಗೆ ಓದಿ, ಅಲ್ಲಿ ಎದ್ದು ಬೇರೊಬ್ಬರಿಗೆ ಸೀಟು ಕೊಡುತ್ತಾರಂತೆ. ಎರಡು ವಾರದ ಅವಧಿ ಮುಗಿದ ಶನಿವಾರ ಅವರು ಬಂದು ಅದೇ ಪುಸ್ತಕವನ್ನು ಇನ್ನೆರಡು ವಾರಕ್ಕೆ ಬರೆಸಿಕೊಂಡು ಹೋದರು. ಮೊನ್ನೆ ಶನಿವಾರ ಮತ್ತೊಮ್ಮೆ ಬರೆಸಿಕೊಂಡಿದ್ದಾರೆ. ದಿನಾಂಕದ ಮುದ್ರೆ ಒತ್ತಲು ಪುಸ್ತಕ ತೆರೆದಾಗ, ಗುರುತಿಗೆ ಇಟ್ಟ ಹಳೆಯ ರೈಲ್ವೆ ಪಾಸು ಕೊನೆಯ ಅಧ್ಯಾಯದ ಹಿಂದಿನ ಪುಟದಲ್ಲಿ, ಹೋದ ಸಲ ಕಂಡಲ್ಲೇ, ಇತ್ತು.