ನಟ್ಟನಡುವಿನ ಮೇಜು

ನಮ್ಮ ಗ್ರಂಥಪಾಲಕರಿಗೆ ಊರಿಟ್ಟ ಹೆಸರು 'ಶ್ ಸಾರ್'. ಹಳೆಯ ಗ್ರಂಥಾಲಯದಲ್ಲಿ ಯಾರಾದರೂ ಪುಟ ತಿರುವಿದರೂ ಸಾಕು, ಸೂರಿಗೆ ತಾಗುವ ಕಪಾಟಿನ ಹಿಂದಿನಿಂದ "ಶ್!" ಎಂದು ಗದರುತ್ತಿದ್ದರು. ಅವರು ಪುಸ್ತಕ ಓದಿದ್ದನ್ನು ಕಂಡವರಿಲ್ಲ. ಅಸಲಿಗೆ ಅವರನ್ನು ಕಂಡವರೇ ಕಡಿಮೆ. ಆ ಮೌನ ಬೇಕಿದ್ದದ್ದು ನಮ್ಮ ಓದಿಗಲ್ಲ, ಅವರ ನಿದ್ದೆಗೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಹೊಸ ಕಟ್ಟಡದ ನಕ್ಷೆ ತಯಾರಾಗುವಾಗ ಮಹಾಶಯರು ಎಂಜಿನಿಯರಮ್ಮನ ತಲೆ ತಿಂದರು. "ಈ ಜನಾನ ನಂಬೋಕಾಗಲ್ಲ ಮೇಡಂ, ಹಾಳೆ ಹರ್ಕೊಂಡು ಹೋಗ್ತಾರೆ. ನನ್ನ ಮೇಜಿಂದ ಮೂಲೆಮೂಲೆನೂ ಕಾಣ್ಬೇಕು."

ಆಕೆ ಮೂಲೆಗಳನ್ನೇ ತೆಗೆದುಹಾಕಿದರು. ದುಂಡನೆಯ ಹಾಲ್, ಸೊಂಟದೆತ್ತರದ ಕಪಾಟುಗಳು, ನಟ್ಟನಡುವೆ ಎತ್ತರದ ಕಟ್ಟೆ, ಅದರ ಮೇಲೆ ಸಾಹೇಬರ ಮೇಜು.

ಬಾಗಿಲು ತೆರೆದ ಮೊದಲ ದಿನವೇ, ಮಧ್ಯಾಹ್ನ ಊಟ ಮುಗಿಸಿ ಬಂದು ಕೂತ ಶ್ ಸಾರ್ ತಲೆ ವಾಲಿತು, ಬಾಯಿ ತೆರೆಯಿತು, ಗೊರಕೆ ದುಂಡು ಗೋಡೆಗೆ ಬಡಿದು ಇಮ್ಮಡಿಯಾಯಿತು. ಸುತ್ತ ಕೂತಿದ್ದ ನಾವೆಲ್ಲ ಪುಸ್ತಕದಿಂದ ತಲೆಯೆತ್ತಿ ಒಟ್ಟಿಗೆ "ಶ್!" ಎಂದೆವು.

ಬೆಚ್ಚಿಬಿದ್ದು ಎದ್ದವರು ಆ ಸಂಜೆಯೇ ಎಂಜಿನಿಯರಮ್ಮನಿಗೆ ಫೋನ್ ಮಾಡಿದರು. "ಮೇಡಂ, ಕಪಾಟು ಸ್ವಲ್ಪ ಎತ್ತರ ಮಾಡ್ಸಿ. ಪಾಪ, ಓದೋರಿಗೂ ಒಂಚೂರು ಮರೆ ಬೇಡ್ವಾ?"