ನಮ್ಮ ಪಾಲಿನ ಅರ್ಧ ಬಾವಿ

ನಮ್ಮ ಬಾವಿಯ ನಡುವೆ ಒಂದು ಗೋಡೆ ಇದೆ. ಪಕ್ಕದಲ್ಲಿ ಅಲ್ಲ, ಬಾವಿಯ ಬಾಯಿಯ ನಡುವೆಯೇ. ಮೊದಲ ಸಲ ನೋಡಿದವರು ನಗುತ್ತಾರೆ. ನಗಲಿ, ನನಗೇನು. ನಮ್ಮ ಕೆಮ್ಮಣ್ಣು ಊರಿನ ಈ ಬದಿಯಲ್ಲಿ ಮಾರ್ಚ್ ದಾಟಿತೆಂದರೆ ಹೊಳೆಯ ಉಪ್ಪು ಬಾವಿಗಳಿಗೆ ಏರುತ್ತದೆ. ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ. ನಮ್ಮ ಬಾವಿ ಮಾತ್ರ ಮಳೆ ಬರುವವರೆಗೂ ಸಿಹಿ. ಹಾಗಾಗಿ ಅಜ್ಜಿಯ ಜಾಗ ಇಬ್ಬರು ಹೆಣ್ಣುಮಕ್ಕಳಿಗೆ ಪಾಲಾದಾಗ ಯಾರೂ ಬಾವಿ ಬಿಟ್ಟುಕೊಡಲು ಒಪ್ಪಲಿಲ್ಲ. ನನ್ನ ಅಮ್ಮ ಹಿರಿಯವಳು, ಚಿಕ್ಕಮ್ಮ ಕಿರಿಯವರು. ಹಟದಲ್ಲಿ ಇಬ್ಬರೂ ಅವಳಿಜವಳಿ. ಗಡಿ ಹಾಕುವ ದಿನ ಒಂದು ಹಲಸಿನ ಮರದ ವಿಷಯಕ್ಕೆ ಮಾತಿಗೆ ಮಾತು ಬೆಳೆದು, ಕೊನೆಗೆ ಬಾವಿಯ ಮೇಲೆ ಅಡ್ಡಲಾಗಿ ಕಾಂಕ್ರೀಟಿನ ತೊಲೆ ಇಟ್ಟು, ಅದರ ಮೇಲೆ ಕೆಂಪು ಕಲ್ಲಿನ ಗೋಡೆ ಎಬ್ಬಿಸಿದರು. ಆ ಬದಿಗೊಂದು ರಾಟೆ, ಈ ಬದಿಗೊಂದು ರಾಟೆ.

ಅಂದಿನಿಂದ ಅವರ ಮನೆಯ ನೀರು ಇವರಿಗೆ ಬೇಡ, ಇವರ ಮನೆಯ ನೀರು ಅವರಿಗೆ ಬೇಡ. ನಮ್ಮಲ್ಲಿ ಯಾರೇ ಮನೆಗೆ ಬಂದರೂ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು ಇಡುತ್ತಾರೆ. ಮದುವೆಗೆ ಹೇಳಿಕೆ ಕೊಡಲು, ಸಾವಿನ ಮನೆಗೆ ಮುಖ ತೋರಿಸಲು ಚಿಕ್ಕಮ್ಮ ನಮ್ಮ ಜಗಲಿಗೆ ಬಂದದ್ದುಂಟು. ಬೆಲ್ಲ ನೀರು ಇಟ್ಟರೆ, 'ಈಗ ಕುಡಿದೇ ಬಂದೆ' ಎಂದು ಲೋಟವನ್ನು ಬೆರಳಿನಲ್ಲಿ ಆಚೆ ಸರಿಸುತ್ತಿದ್ದರು. ಅಮ್ಮನೂ ಅವರ ಮನೆಯಲ್ಲಿ ಅದನ್ನೇ ಮಾಡುತ್ತಿದ್ದಳು. ಕೆಳಗೆ ಬಾವಿಯಲ್ಲಿ ಎರಡು ಕೊಡಪಾನಗಳು ಒಂದಕ್ಕೊಂದು ತಾಗಿ ಠಣ್ ಎನ್ನುತ್ತಿದ್ದವು, ಮೇಲೆ ಇವರದ್ದು ಈ ನಾಟಕ.

ನಾನೊಮ್ಮೆ ಅಮ್ಮನ ಹತ್ತಿರ, ಒಂದೇ ನೀರಿಗೆ ಎಂತಕ್ಕೆ ಇಷ್ಟೆಲ್ಲ ಎಂದು ಕೇಳಿದ್ದೆ.

'ಒಂದೇ ನೀರು ಹೌದು, ಆದರೆ ಒರತೆ ಇರುವುದು ನಮ್ಮ ಬದಿಯಲ್ಲಿ. ಅವಳು ಕುಡಿಯುವುದು ನಮ್ಮ ನೀರು, ಗೊತ್ತುಂಟಾ?' ಎಂದಳು ಅಮ್ಮ. ಊರಿಗೆಲ್ಲ ಹಾಗೆಯೇ ಹೇಳುತ್ತಿದ್ದಳು. ಒರತೆ ನಮ್ಮದು ಎಂಬ ಗತ್ತಿನಲ್ಲಿಯೇ ನಾನೂ ಬೆಳೆದೆ.

ವರ್ಷಕ್ಕೊಂದು ದಿನ ಮಾತ್ರ ಆ ಗೋಡೆಯಿಂದ ಏನೂ ಪ್ರಯೋಜನ ಇರಲಿಲ್ಲ. ಮಳೆಗೆ ಮೊದಲು ಬಾವಿಯ ಕೆಸರು ತೆಗೆಯಬೇಕು. ಅರ್ಧ ಬಾವಿ ತೊಳೆಯಲು ಯಾವ ಹಟಮಾರಿಯಿಂದಲೂ ಆಗುವುದಿಲ್ಲ. ಈ ಬದಿ ಖಾಲಿ ಮಾಡಿದರೆ ಆ ಬದಿಯ ನೀರು ಬಂದು ತುಂಬುತ್ತದೆ. ಹಾಗಾಗಿ ಎರಡೂ ಮನೆಯವರು ಒಟ್ಟಿಗೆ ನಿಲ್ಲಬೇಕಿತ್ತು. ಬಾವಿಗೆ ಇಳಿಯುವ ಆಳು ಚಿಕ್ಕಮ್ಮನ ಬದಿಯಿಂದ, ಚಹಾ ತಿಂಡಿ ನಮ್ಮ ಬದಿಯಿಂದ. 'ಹಗ್ಗ ಸಡಿಲ ಬಿಡು', 'ಬಿಟ್ಟೆ', 'ಇನ್ನೂ ಬಿಡು', ಇಷ್ಟೇ ಅಕ್ಕತಂಗಿಯರ ಮಾತು. ಆದರೂ ಆ ದಿನ ಇಡೀ ಅಮ್ಮನ ಮುಖ ಅರಳಿರುತ್ತಿತ್ತು. ನಾನು ಒಳಗೆ ಗೋಳಿಬಜೆ ಕರಿಯುತ್ತಿದ್ದೆ, ಬರಿದಾದ ಬಾವಿಯ ತಳ ಒಮ್ಮೆಯೂ ನೋಡಿದವಳಲ್ಲ.

ಅಮ್ಮ ತೀರಿಕೊಂಡಳು. ಚಿಕ್ಕಮ್ಮ ಮಂಡಿ ನೋವೆಂದು ಕಾರ್ಕಳದಲ್ಲಿರುವ ಮಗಳ ಮನೆಗೆ ಹೋದರು. ಅಷ್ಟರಲ್ಲಿ ಊರೂ ನಿಧಾನವಾಗಿ ಬದಲಾಯಿತು. ಎಷ್ಟು ಮುಡಿ ಗದ್ದೆ ಎಂದು ಕೇಳುತ್ತಿದ್ದವರು ಎಷ್ಟು ಸೆಂಟ್ಸ್ ಎಂದು ಕೇಳತೊಡಗಿದರು. ಟಿಪ್ಪರ್‌ಗಳು ಬಂದು ಗದ್ದೆಗೆ ಕೆಂಪು ಮಣ್ಣು ಸುರಿದು ಹೋದವು. ಹೊಳೆ ನೋಡಲು ಬರುವವರಿಗೆ ಹೋಮ್‌ಸ್ಟೇ, ಮಣಿಪಾಲದಲ್ಲಿ ಕೆಲಸ ಮಾಡುವವರಿಗೆ ಬಾಡಿಗೆ ಮನೆ. ನಾನು ಇದನ್ನೆಲ್ಲ ಬೈಯುತ್ತಾ ಕೂರುವವಳಲ್ಲ. ನನ್ನ ಹೊಲಿಗೆ ಅಂಗಡಿಗೆ ಗಿರಾಕಿಗಳು ಬಂದದ್ದು ಆ ಬಾಡಿಗೆ ಮನೆಗಳಿಂದಲೇ. ಉಂಡ ಅನ್ನಕ್ಕೆ ಸುಳ್ಳು ಹೇಳಬಾರದು.

ಆದರೆ ಚಿಕ್ಕಮ್ಮ ತಮ್ಮ ಪಾಲಿನ ಜಾಗ ಮಾರಿದರು ಎಂದು ಕೇಳಿದಾಗ ನನ್ನ ಪಿತ್ತ ನೆತ್ತಿಗೇರಿತು. ಕೊಂಡವರು ಕಾಪುವಿನವರೊಬ್ಬರು, ಗಲ್ಫ್‌ನಲ್ಲಿ ದುಡಿದು ಊರಿಗೆ ಮರಳಿದವರು. ಅಲ್ಲಿ ಎರಡು ಮಾಳಿಗೆಯ ಹೋಮ್‌ಸ್ಟೇ ಕಟ್ಟುತ್ತಾರಂತೆ. ನನಗೆ ಒಂದು ಮಾತು ಹೇಳದೆ ಮಾರಿದರಲ್ಲ, ಗೋಡೆ ಕಟ್ಟಿದವರಿಗೆ ಇನ್ನೆಷ್ಟು ಪ್ರೀತಿ ಇದ್ದೀತು ಎಂದುಕೊಂಡೆ.

ಆ ಬದಿಯಲ್ಲಿ ತಗಡಿನ ಶೆಡ್ ಎದ್ದಿತು. ಗದಗದ ಕಡೆಯ ಗಂಡ ಹೆಂಡತಿ ಕೆಲಸಕ್ಕೆ ಬಂದು ಅದರಲ್ಲಿ ಉಳಿದರು. ಎಷ್ಟೋ ಕಾಲದಿಂದ ಸುಮ್ಮನಿದ್ದ ಆಚೆಯ ರಾಟೆ ಒಂದು ಬೆಳಿಗ್ಗೆ ಕಿರ್ರೆಂದಿತು. ಕೆಳಗೆ ನನ್ನ ಕೊಡಪಾನಕ್ಕೆ ಏನೋ ತಾಗಿತು.

'ಯಾರದು?' ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

'ನಾನ್ರೀ ಅಕ್ಕಾರ. ನಿಮ್ಮ ಕೊಡಕ್ಕ ಬಡೀತೇನ್ರೀ?' ಗೋಡೆಯ ಆಚೆಯಿಂದ ಹೆಂಗಸಿನ ದನಿ. 'ನೀರು ಭಾಳ ಸಿಹಿ ಅದಾವ್ರೀ.'

ಕೊಡಪಾನಕ್ಕೆ ಕೊಡಪಾನ ತಾಗುವ ಸದ್ದು ಕೇಳದೆ ನನಗೆ ಎಷ್ಟು ಬೇಸರವಾಗಿತ್ತು ಎಂಬುದು ಆಗಲೇ ತಿಳಿದದ್ದು. ಮುಖ ನೋಡುವ ಮೊದಲೇ ನಮಗೆ ಸ್ನೇಹವಾಯಿತು. ಅವಳು ಗೋಡೆಯ ಮೇಲಿನಿಂದ ಕಟಕ್ ರೊಟ್ಟಿ ದಾಟಿಸುತ್ತಿದ್ದಳು, ನಾನು ನೀರುದೋಸೆ ದಾಟಿಸುತ್ತಿದ್ದೆ. 'ಇದೇನ್ರೀ ಅಕ್ಕಾರ, ಅರಿವಿ ತಿಂದಂಗ ಆಗತೈತಿ' ಎಂದು ನನ್ನ ದೋಸೆಯನ್ನು ಬಟ್ಟೆಗೆ ಹೋಲಿಸಿ ಹಂಗಿಸಿದಳು. ನಿನ್ನ ರೊಟ್ಟಿ ತಿಂದು ನನ್ನ ಹಲ್ಲು ಹೋದರೆ ಯಾರು ಕಟ್ಟಿಸಿಕೊಡುತ್ತಾರೆ ಎಂದು ನಾನೂ ಬಿಡಲಿಲ್ಲ.

ಒಂದು ದಿನ ಅವಳೇ ಪಿಸುದನಿಯಲ್ಲಿ ಹೇಳಿದಳು. 'ಅಕ್ಕಾರ, ಎಂಜಿನೀರ್ ಬಂದು ಸುಣ್ಣದ ಗೆರಿ ಹಾಕಿ ಹೋಗ್ಯಾನ್ರೀ. ಈ ಬಾವಿ ಮ್ಯಾಲೇ ಐತ್ರೀ ಗೆರಿ.'

ಏಣಿ ಇಟ್ಟು ಹತ್ತಿ ನೋಡಿದೆ. ಹೌದು, ಆಚೆಯ ಬಾವಿಕಟ್ಟೆಯ ಮೇಲೆಯೇ ಬಿಳಿ ಗೆರೆ. ಅಲ್ಲಿ ಕಂಬ ಬರುವುದಂತೆ, ಆ ಬದಿಗೆ ಮಣ್ಣು ತುಂಬಿಸಿ ಕಾರು ನಿಲ್ಲಿಸುವ ಜಾಗ ಮಾಡುವುದಂತೆ. ಅರ್ಧ ಬಾವಿ ಮುಚ್ಚಿದರೆ ಇನ್ನರ್ಧ ಇರುತ್ತದಾ? ಈ ಬಾವಿ ಹೋದರೆ ಬೇಸಿಗೆಯಲ್ಲಿ ನಾನು ಟ್ಯಾಂಕರ್ ಕಾಯಬೇಕು. ಜಾಗ ಮಾರಿ ಉಡುಪಿಯಲ್ಲಿ ಫ್ಲ್ಯಾಟ್ ತೆಗೆದುಕೊಳ್ಳುವ ಎಂದು ಗಂಡ ಮೊದಲಿನಿಂದಲೂ ಹೇಳುತ್ತಿದ್ದರು. ನೀರೇ ಇಲ್ಲದಿದ್ದರೆ ಅವರಿಗೆ ಏನೆಂದು ಉತ್ತರ ಕೊಡಲಿ? ಕಾಪುವಿನವರು ಬಂದ ದಿನ ಬಾಯಿಗೆ ಬಂದದ್ದೆಲ್ಲ ಹೇಳಿಬಿಟ್ಟೆ. 'ಒರತೆ ನಮ್ಮದು. ಒಂದು ಬುಟ್ಟಿ ಮಣ್ಣು ಬಿದ್ದರೂ ನಾನು ಸುಮ್ಮನಿರುವವಳಲ್ಲ.' ಅವರು ಎರಡು ಸಲ 'ಅಕ್ಕ, ಒಂದು ನಿಮಿಷ' ಎಂದರು. ಮೂರನೆಯದಕ್ಕೆ ನಾನು ಒಳಗೆ ಹೋಗಿ ಬಾಗಿಲು ಹಾಕಿದ್ದೆ.

ಮೇ ಬಂತು. ಕೆಸರು ತೆಗೆಯುವುದು ಹೇಗೆ ಎಂದು ನನಗೆ ಚಿಂತೆ ಹತ್ತಿತು. ಗದಗದವಳು ಗೋಡೆಯಾಚೆಯಿಂದಲೇ, 'ನಮ್ಮ ಮನೀಯವ್ರು ಇಳೀತಾರ್ರೀ, ನಾವೂ ಇದ ನೀರು ಕುಡದೇವಲ್ರೀ' ಎಂದಳು. ಆ ಮಾತಿಗೆ ನನ್ನ ಕಣ್ಣು ತುಂಬಿತು. ಭಾನುವಾರ ಪಂಪು ಇಟ್ಟು ನೀರು ಖಾಲಿ ಮಾಡಿದೆವು. ಅವಳ ಗಂಡ ಆಚೆಯಿಂದ ಇಳಿದ, ಹಗ್ಗ ಹಿಡಿಯಲು ಕಾಪುವಿನವರೇ ಪ್ಯಾಂಟು ಮಡಚಿ ನಿಂತಿದ್ದರು. ಈ ಸಲ ಗೋಳಿಬಜೆ ಮೊದಲೇ ಕರಿದಿಟ್ಟು ನಾನೂ ಬಾವಿಕಟ್ಟೆಗೆ ಬಂದೆ.

ಕೆಸರೆಲ್ಲ ಮೇಲೆ ಬಂದ ಮೇಲೆ ಒರತೆ ಎಲ್ಲುಂಟು ಎಂದು ಕೂಗಿ ಕೇಳಿದೆ.

'ಈ ಕಡೀಗೇ ಐತ್ರೀ, ನಮ್ಮ ಕಡೀಗೆ. ನಿಮ್ಮ ಕಡೀಗೆ ಬರೇ ಕಲ್ಲು' ಎಂದ ಅವನು ಕೆಳಗಿನಿಂದ.

ಬಗ್ಗಿ ನೋಡಿದೆ. ತೊಲೆಯ ನೆರಳಿನ ಆಚೆ, ಚಿಕ್ಕಮ್ಮನ ಬದಿಯ ಮೂಲೆಯಲ್ಲಿ ನೀರು ಬುಳುಬುಳು ಉಕ್ಕುತ್ತಿತ್ತು. ನಮ್ಮ ಬದಿಯಲ್ಲಿ ಒಣ ಬಂಡೆ. ಇನ್ನು ಯಾವ ಬಾಯಿಯಲ್ಲಿ ಜಗಳ ಮಾಡುವುದು? ಕಾಪುವಿನವರೂ ಕೇಳಿಸಿಕೊಂಡಿದ್ದರು.

'ಇನ್ನೆಂತ, ನೀರೂ ನಿಮ್ಮದೇ ಆಯ್ತಲ್ಲ. ಮುಚ್ಚಿ' ಎಂದೆ.

'ಯಾರು ಮುಚ್ಚುತ್ತಾರೆ ಅಕ್ಕ? ಕಂಬ ಆ ಮೂಲೆಗೆ ಹಾಕಲು ಆವತ್ತೇ ಎಂಜಿನಿಯರಿಗೆ ಹೇಳಿ ಆಗಿದೆ. ಒಂದು ಕಾರು ಹೊರಗೆ ನಿಲ್ಲುತ್ತದೆ, ಅಷ್ಟೇ. ಬಾವಿ ಮುಚ್ಚುವುದಾದರೆ ಜಾಗ ಕೊಡುವುದಿಲ್ಲ ಅಂತ ನಿಮ್ಮ ಚಿಕ್ಕಮ್ಮ ಅಡ್ವಾನ್ಸ್ ಮುಟ್ಟುವ ಮೊದಲೇ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಗೆರೆ ಹಾಕಿದವನಿಗೆ ಅದು ಗೊತ್ತಿರಲಿಲ್ಲ.'

'ಅದನ್ನು ಮೊದಲೇ ಹೇಳಬಾರದಿತ್ತಾ ಮಾರಾಯ್ರೆ?'

'ನೀವು ಹೇಳಲು ಬಿಡಬೇಕಲ್ಲ ಅಕ್ಕ.'

ಗೋಡೆಯಾಚೆ ಗದಗದವಳು ನಕ್ಕದ್ದು ಕೇಳಿಸಿತು. ನಾನು ಗೋಳಿಬಜೆಯ ತಟ್ಟೆಯನ್ನು ಗೋಡೆಯ ಮೇಲಿಟ್ಟೆ.

ಬಾವಿ ತುಂಬಿದ ಮೇಲೆ ಒಂದು ಕ್ಯಾನ್ ನೀರು ಸೇದಿಕೊಂಡು ಕಾರ್ಕಳದ ಬಸ್ಸು ಹತ್ತಿದೆ. 'ಎಂತ ಅಕ್ಕ, ಕಾರ್ಕಳದಲ್ಲಿ ನೀರು ಇಲ್ವಾ?' ಎಂದು ಕಂಡಕ್ಟರ್ ಕೆಣಕಿದ. ಇಂಥ ನೀರು ಇಲ್ಲ ಎಂದೆ.

ಚಿಕ್ಕಮ್ಮ ವರಾಂಡದಲ್ಲಿ ಕಾಲು ಚಾಚಿ ಕುಳಿತಿದ್ದರು. ನಾನು ಸುತ್ತಿ ಬಳಸಲಿಲ್ಲ.

'ಒರತೆ ನಿಮ್ಮ ಬದಿಯಲ್ಲಿ ಇರುವುದು ನಿಮಗೆ ಗೊತ್ತಿತ್ತಾ?'

'ಗೊತ್ತಿಲ್ಲದೆ? ಆಳು ವರ್ಷವರ್ಷ ನನ್ನ ಬದಿಯಿಂದ ಇಳಿಯುವುದಲ್ವಾ. ನಿನ್ನ ಅಮ್ಮ ಒಮ್ಮೆಯೂ ಬಗ್ಗಿ ನೋಡಿದವಳಲ್ಲ.'

'ಮತ್ತೆ ಅಮ್ಮ ಒರತೆ ನಮ್ಮದು ಅಂತ ಊರಿಗೆಲ್ಲ ಹೇಳುವಾಗ ಎಂತಕ್ಕೆ ಸುಮ್ಮನಿದ್ದಿರಿ?'

ಅವರು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು. 'ಹೇಳಿದ್ದರೆ ಅವಳು ಆ ನೀರು ಕುಡಿಯುತ್ತಿದ್ದಳಾ? ಅಕ್ಕನ ಹಟ ನನಗೆ ಗೊತ್ತಿಲ್ವಾ. ಹೊಳೆಯ ಉಪ್ಪು ನೀರು ಕುಡಿದಾದರೂ ಇರುತ್ತಿದ್ದಳು, ನನ್ನದು ಮುಟ್ಟುತ್ತಿರಲಿಲ್ಲ.'

ನಾನು ಹುಟ್ಟಿ ಬೆಳೆದ ನೀರು, ಅಮ್ಮನ ಬಾಯಿಗೆ ಕೊನೆಗೆ ಬಿಟ್ಟ ನೀರು, ಎಲ್ಲ ಇವರ ಪಾಲಿನದ್ದು. ಕ್ಯಾನಿನ ಮುಚ್ಚಳ ತೆಗೆದು ಲೋಟಕ್ಕೆ ಬಗ್ಗಿಸಿದೆ.

ಚಿಕ್ಕಮ್ಮ ಲೋಟವನ್ನೇ ನೋಡಿದರು. 'ಯಾವ ಬದಿಯಿಂದ ಸೇದಿದ್ದು?'

'ನಮ್ಮ ಬದಿಯಿಂದ' ಎಂದೆ, ಹೆದರುತ್ತಲೇ.

'ಹಾಗಾದರೆ ಅಕ್ಕನ ಮನೆಯ ನೀರು' ಎಂದರು. ಲೋಟಕ್ಕೆ ಕೈ ಚಾಚಿದರು. 'ಮತ್ತೆ ಬೆಲ್ಲ ಎಲ್ಲಿ?'

ನಾನು ಕಣ್ಣೊರೆಸಿಕೊಳ್ಳುತ್ತಾ ಅವರ ಮಗಳ ಅಡುಗೆಮನೆಗೆ ಬೆಲ್ಲ ಹುಡುಕಲು ಓಡಿದೆ.