ರೆಕ್ಕೆಯ ಟ್ರೇಲರ್ ಅಡ್ಡ ನಿಂತ ಮಧ್ಯಾಹ್ನ

ಗಾಳಿಯಂತ್ರದ ರೆಕ್ಕೆ ಒಯ್ಯುವ ಉದ್ದನೆಯ ಟ್ರೇಲರ್ ಓಡಿಸುವುದು ನನ್ನ ಕಸುಬು. ಅಂಥ ಗಾಡಿಗೆ ಸರ್ಕಾರದ ಪರವಾನಗಿ ಪತ್ರ ಬೇಕು. ಯಾವ ದಾರಿ, ಎಷ್ಟು ವೇಗ, ಮುಂದೆ ಯಾರು, ಹಿಂದೆ ಯಾರು, ಎಲ್ಲ ಅದರಲ್ಲಿ ಬರೆದಿರುತ್ತದೆ. ಇಂಡಿ, ಸಿಂದಗಿ ಕಡೆ ಎಷ್ಟೋ ಸಲ ಓಡಿಸಿದ್ದೇನೆ. ಒಂದು ದಿನವೂ ಆ ಪತ್ರ ಮೀರಿದವನಲ್ಲ. ಆ ಸೊಕ್ಕೂ ನನಗಿತ್ತು.

ಆವತ್ತು ಮಧ್ಯಾಹ್ನ ಸಾಲೋಟಗಿ ದಾಟಿ ಒಂದು ತಿರುವಿನಲ್ಲಿ ಗಾಡಿ ಅರ್ಧ ತಿರುಗಿಸಿದ್ದೆ. ನನ್ನ ಗಾಡಿಗೆ ದಾರಿ ನೋಡಲು ಮುಂದೆ ಹೋಗುವ ಜೀಪಿನವರು ಕೆಂಪು ನಿಶಾನೆ ತೋರಿಸಿದರು. ರಸ್ತೆಯ ಮೇಲೆ ಕರೆಂಟಿನ ತಂತಿ ಜೋತುಬಿದ್ದಿತ್ತು. ಲೈನ್‌ಮನ್ ಬಂದು ಕರೆಂಟ್ ತೆಗೆಯುವ ತನಕ ಮುಂದೆ ಹೋಗಬಾರದು, ಅದು ನಿಯಮ. ಹಿಂದೆ ಸರಿಯಲೂ ಆಗದು, ಎರಡೂ ಬದಿಗೆ ತಗ್ಗು. ಮನುಷ್ಯರು ಪಕ್ಕದಲ್ಲಿ ನುಸುಳಿ ನಡೆದುಹೋಗಬಹುದಿತ್ತು, ವಾಹನ ದಾಟುವಂತಿರಲಿಲ್ಲ.

ಹಿಂದೆ ನಿಂತ ಕಾರಿನಿಂದ ಒಬ್ಬ ಹೆಣ್ಣುಮಗಳು ಇಳಿದು ಬಂದಳು. ಸೊಲ್ಲಾಪುರಕ್ಕೆ ಕೊಟ್ಟ ಹೆಣ್ಣು. ತವರೂರು ನಾವು ನಿಂತಲ್ಲಿಂದ ಮೂರೇ ಮೈಲು.

“ಅಣ್ಣಾರ, ನಮ್ಮಪ್ಪ ತೀರ್ಕೊಂಡಾನ್ರಿ. ಅವನ್ನ ಕುಂದರ್ಸಿ ನನ್ನ ಹಾದಿ ಕಾಯಾಕತ್ತಾರ. ಹೊತ್ತು ಮುಳುಗೂದ್ರೊಳಗ ಮಣ್ಣು ಕೊಡ್ತಾರ. ಎಷ್ಟೊತ್ತಾಗ್ತೈತ್ರಿ?”

“ಲೈನ್‌ಮನ್ ಹೊಂಟಾನವಾ. ಹತ್ತ ನಿಮಿಷ.”

ಅವನು ಹೊರಟಿದ್ದನೋ ಇಲ್ಲವೋ, ದೇವರಾಣೆ ನನಗೆ ಗೊತ್ತಿರಲಿಲ್ಲ. ಯಾರು ಕೇಳಿದರೂ ಹತ್ತು ನಿಮಿಷ ಎನ್ನುವುದು ನಮ್ಮ ಕಡೆಯ ರೂಢಿ, ಕೇಳಿದವರಿಗೆ ಸಮಾಧಾನವಾಗಲಿ ಎಂದು. ಎಂಥ ಹಾಳು ಬಾಯಿ ನನ್ನದು! ಆಕೆಯ ಅಣ್ಣ ಫೋನಿನಲ್ಲಿ ಟ್ರೇಲರಿನ ಆಚೆ ಬದಿಗೆ ಬೈಕ್ ಕಳಿಸುತ್ತೇನೆ ಎಂದನಂತೆ. “ಬ್ಯಾಡ, ಹತ್ತ ನಿಮಿಷಂತ,” ಎಂದು ಆಕೆ ಹೇಳಿದ್ದು ನನ್ನ ಕಿವಿಗೇ ಬಿತ್ತು. ಆಗಲಾದರೂ ನಿಜ ಹೇಳಬೇಕಿತ್ತು. ಆಕೆ ಇನ್ನೆರಡು ಸಲ ಬಂದು ಕೇಳಿದಳು. ನಾನು ಅದನ್ನೇ ಹೇಳಿದೆ.

ಲೈನ್‌ಮನ್ ಬಂದಾಗ ಬಿಸಿಲು ಇಳಿದಿತ್ತು. ಅವನು ಕಂಬ ಏರುತ್ತಿದ್ದಂತೆ ಆಕೆಗೆ ಮನೆಯಿಂದ ಫೋನ್ ಬಂತು. ಮಣ್ಣು ಕೊಟ್ಟು ಮುಗಿದಿತ್ತು. ಆಕೆ ಅಳಲಿಲ್ಲ, ಕಾರಿಗೆ ಕೈಯೂರಿ ನಿಂತಳು. ನಾನು ಹೋಗಿ ಕೈಮುಗಿದೆ.

“ತಪ್ಪು ತಿಳೀಬ್ಯಾಡವಾ. ಕಾಯ್ದೆನ ಹಂಗೈತಿ.”

“ಕಾಯ್ದೆಗೆ ನಾ ಏನೂ ಅನ್ನಂಗಿಲ್ರಿ,” ಎಂದಳು. “ತಡ ಆಗ್ತೈತಿ ಅಂತ ನೀವು ಒಂದ್ ಮಾತು ಅಂದಿದ್ರ, ನಾ ನಡಕೋತ ಹೋಗಿ ನಮ್ಮಪ್ಪನ ಮಾರಿ ನೋಡ್ತಿದ್ನಿ.”